ಬಿದಿರಿನ ಕೊಳಲಿಗೆ ಗಾಣದ ಕೊಬ್ಬರಿ ಎಣ್ಣೆ ಹಚ್ಚಬಹುದಾ? ಮಗನ ಕ್ಲಾರಿನೆಟ್‌ಗೂ ಅದೇ ನಡೆಯುತ್ತಾ?

ನಾನೂ ಶುರುವಿನಲ್ಲಿ ಕೊಬ್ಬರಿ ಎಣ್ಣೆಯನ್ನೇ ಹಚ್ಚಿದ್ದೆ. ಗಾಣದ್ದು, ಒಳ್ಳೆಯ ಘಮ. ಡಿಸೆಂಬರ್‌ನಲ್ಲಿ ಒಂದು ಬೆಳಿಗ್ಗೆ ಬೆಂಗಳೂರಿನ ಚಳಿಯಲ್ಲಿ ಕೊಳಲು ಎತ್ತಿಕೊಂಡೆ, ನಾದದ ಬದಲು ಬರೀ ಗಾಳಿ ಬಂತು. ಬೆಳಕಿಗೆ ಹಿಡಿದು ನೋಡಿದರೆ ಊದುವ ತೂತಿನ ಒಳಅಂಚಿನಲ್ಲಿ ಬೆಳ್ಳಗೆ ಬೆಣ್ಣೆಯ ಹಾಗೆ ಮೆತ್ತಿಕೊಂಡಿತ್ತು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತೆ, ಅಲ್ವಾ? ಎಣ್ಣೆ ಶುದ್ಧವಾಗಿಯೇ ಇತ್ತು. ಕೊಳಲಿಗೆ ಹೊಂದಲಿಲ್ಲ, ಅಷ್ಟೇ.

ಈಗ ನಾನು ಬಳಸುವುದು ಸಿಹಿ ಬಾದಾಮಿ ಎಣ್ಣೆ. ತೆಳುವಾಗಿದೆ, ಚಳಿಗೆ ಗಟ್ಟಿಯಾಗಲ್ಲ, ತುಟಿಗೆ ತಾಗಿದರೂ ತೊಂದರೆ ಇಲ್ಲ. (ಬಾದಾಮಿ ಅಲರ್ಜಿ ಇರುವವರು ಆ ಕೊಳಲು ಊದಬಾರದು, ನೆನಪಿರಲಿ.) ಕೊಳ್ಳುವಾಗ ಮಾತ್ರ ಹುಷಾರು. ಬಾಟಲಿಯ ಮುಂದೆ ದೊಡ್ಡದಾಗಿ ಬಾದಾಮಿ ಚಿತ್ರ ಇರುತ್ತೆ, ಹಿಂದೆ ಸಣ್ಣ ಅಕ್ಷರದಲ್ಲಿ ಮಿನರಲ್ ಆಯಿಲ್ ಅಥವಾ ಲಿಕ್ವಿಡ್ ಪ್ಯಾರಾಫಿನ್ (ಎರಡೂ ಪೆಟ್ರೋಲಿಯಂನಿಂದ ತೆಗೆದ ಎಣ್ಣೆ) ಅಂತ ಬರೆದಿರುತ್ತೆ. ತಲೆಗೆ ಹಚ್ಚುವ ಎಷ್ಟೋ ಬಾದಾಮಿ ಎಣ್ಣೆಗಳ ಕಥೆ ಇದೇ. ಇನ್ನೊಂದು ಗುರುತು: ನಿಜವಾದ ಸಿಹಿ ಬಾದಾಮಿ ಎಣ್ಣೆಗೆ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಮೂಗಿಗೆ ಹೊಡೆಯುವ ಬಾದಾಮಿ ಘಮ ಇದ್ದರೆ ಸೆಂಟ್ ಸೇರಿಸಿದ್ದಾರೆ ಅಂತಲೇ ತಿಳಿಯಿರಿ. ಚಿಕ್ಕ ಬಾಟಲಿ ಸಾಕು. ವರ್ಷಗಟ್ಟಲೆ ಇಟ್ಟರೆ ಕಮಟುತ್ತೆ.

ಉತ್ತರದ ಬಾನ್ಸುರಿಯವರು ಸಾಸಿವೆ ಎಣ್ಣೆ ಹಚ್ಚುತ್ತಾರೆ. ಅದೂ ಒಳ್ಳೆಯದೇ, ಘಾಟು ಸಹಿಸುವಿರಾದರೆ. ಅಗಸೆ ಎಣ್ಣೆ ಒಣಗಿ ಒಳಗೆ ಪದರ ಕಟ್ಟುತ್ತೆ, ಕೊಳಲು ಮಾಡುವವರು ಹದವಾಗಿ ಬಳಸಿದರೆ ಚೆನ್ನ. ಪೇಂಟ್ ಅಂಗಡಿಯ ‘ಬಾಯ್ಲ್ಡ್’ ಅಗಸೆ ಎಣ್ಣೆ ಮಾತ್ರ ಬೇಡವೇ ಬೇಡ. ಬೇಗ ಒಣಗಲಿ ಅಂತ ಅದಕ್ಕೆ ಲೋಹದ ಲವಣ ಹಾಕಿರುತ್ತಾರೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು, ಹರಡಿ ಒಣಗಿಸಿ.

ಹಚ್ಚುವುದು ಸುಲಭ. ಊದಿದ ತಕ್ಷಣ ಬೇಡ, ಒಳಗಿನ ತೇವ ಪೂರ್ತಿ ಆರಲಿ. ಒಂದು ಕಡ್ಡಿಗೆ ಹತ್ತಿ ಬಟ್ಟೆ ಸುತ್ತಿ, ನಾಲ್ಕೈದು ಹನಿ ಹಾಕಿ, ಒಳಗೆ ತಿರುಗಿಸಿ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಒಣ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಹೊಸತಕ್ಕೆ ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೆ ಎರಡು ಮೂರು ಸಲ. ಜಾಸ್ತಿ ಹಚ್ಚಿದರೆ ಧೂಳು ಅಂಟುತ್ತೆ, ಅಷ್ಟೇ ಲಾಭ.

ಕ್ಲಾರಿನೆಟ್ ವಿಷಯಕ್ಕೆ ಬಂದರೆ, ಅದು ಮರದ್ದೋ ಅಲ್ಲವೋ ಮೊದಲು ನೋಡಿ. ಕಲಿಯುವವರಿಗೆ ಸಿಗುವವು ಎಷ್ಟೋ ಪ್ಲಾಸ್ಟಿಕ್, ಅವಕ್ಕೆ ಎಣ್ಣೆಯೇ ಬೇಡ. ಮರದ್ದಾದರೆ ಇದೇ ಬಾದಾಮಿ ಎಣ್ಣೆ ನಡೆಯುತ್ತೆ, ಆದರೆ ಕೀಲಿಗಳ ಕೆಳಗೆ ತೂತು ಮುಚ್ಚುವ ಮೆತ್ತನೆಯ ಪ್ಯಾಡ್‌ಗೆ ತಾಗಬಾರದು. ಹಚ್ಚುವ ಮುಂಚೆ ಒಂದೊಂದು ಪ್ಯಾಡ್ ಕೆಳಗೂ ಚಿಕ್ಕ ಪ್ಲಾಸ್ಟಿಕ್ ಹಾಳೆ ತುರುಕಿ. ನಾನು ಹಾಲಿನ ಪ್ಯಾಕೆಟ್ ತೊಳೆದು ಕತ್ತರಿಸಿ ಇಟ್ಟುಕೊಂಡಿದ್ದೇನೆ.