ಮನೆ ಮಾರಿ ಹೋಗಬೇಡಿ ಮೇಷ್ಟ್ರೇ

‘ನಾನು ನಿವೃತ್ತ ಹೈಸ್ಕೂಲು ಮೇಷ್ಟ್ರು. ಷಿಕಾಗೋದಲ್ಲಿರುವ ಮಗನಿಗೆ ಈಚೆಗೆ ಅಲ್ಲಿನ ಪೌರತ್ವ ಸಿಕ್ಕಿದೆ. ವಿದ್ಯಾನಗರದ ಮನೆ ಮಾರಿ ಇಬ್ಬರೂ ಬಂದುಬಿಡಿ, ಅಲ್ಲೇ ಕಾಯಂ ಇರುವುದಕ್ಕೆ ಗ್ರೀನ್ ಕಾರ್ಡ್ ಮಾಡಿಸುತ್ತೇನೆ ಅನ್ನುತ್ತಾನೆ. ಹೋಗುವುದಾ, ಇಲ್ಲೇ ಇರುವುದಾ?’
– ಓದುಗರು, ದಾವಣಗೆರೆ

ಮೇಷ್ಟ್ರೇ, ಮಗ ಕರೆಯುತ್ತಿದ್ದಾನಲ್ಲ, ಅದೇ ದೊಡ್ಡದು. ಕರೆಯದ ಮಕ್ಕಳ ಬಗ್ಗೆ ನಮಗೆ ಬರುವ ಪತ್ರಗಳೇ ಜಾಸ್ತಿ. ಮೊಮ್ಮಕ್ಕಳನ್ನು ಎತ್ತಿ ಆಡಿಸುವ ಸುಖ ಫೋನಿನಲ್ಲಿ ಸಿಗುವುದಿಲ್ಲ, ಅದನ್ನೂ ಒಪ್ಪಿದೆ. ಆದರೆ ಮನೆ ಮಾರುವ ಮಾತು ಬಂತಲ್ಲ, ನನ್ನ ತಕರಾರು ಅಲ್ಲಿಂದ ಶುರು.

ಗ್ರೀನ್ ಕಾರ್ಡ್ ಸಿಗುವುದು ಅಷ್ಟು ಕಷ್ಟವಲ್ಲ. 21 ದಾಟಿದ ಅಮೆರಿಕದ ಪ್ರಜೆ ತಂದೆ ತಾಯಿಗಾಗಿ ಅರ್ಜಿ ಹಾಕಬಹುದು, ವರ್ಷಕ್ಕೆ ಇಷ್ಟೇ ಜನ ಅನ್ನುವ ಮಿತಿಯೂ ಇಲ್ಲ. ಕಷ್ಟ ಇರುವುದು ಆಮೇಲೆ. 65 ದಾಟಿದವರಿಗೆ ಅಲ್ಲಿ ಮೆಡಿಕೇರ್ ಅನ್ನುವ ಸರ್ಕಾರಿ ವಿಮೆ ಇದೆ. ನಿಮ್ಮಂಥ ಹೊಸಬರು ದುಡ್ಡು ಕಟ್ಟಿ ಸೇರಬೇಕೆಂದರೂ ಮೊದಲು 5 ವರ್ಷ ಅಲ್ಲಿ ವಾಸವಿರಬೇಕು. ಅಲ್ಲಿಯವರೆಗೆ ಶುಗರ್, ಬಿಪಿ, ಮಂಡಿನೋವು ಎಲ್ಲಾ ಮಗನ ಜೇಬಿಗೇ. ಬೇಜಾರಾಗಿ ಊರಿಗೆ ಬಂದು, ಮೊದಲೇ ಅನುಮತಿ ಪಡೆಯದೆ ವರ್ಷ ಮೀರಿ ಕೂತರೆ ಕಾರ್ಡಿಗೇ ಕುತ್ತು.

ಬೇರೆ ದೇಶಗಳೇನೂ ಕಮ್ಮಿ ಇಲ್ಲ. ಅಪ್ಪ ಅಮ್ಮಂದಿರು ಮಕ್ಕಳ ಜೊತೆ ಇದ್ದುಬರಲೆಂದು ಕೆನಡಾ ಕೊಡುವ ಸೂಪರ್ ವೀಸಾಕ್ಕೆ ಕನಿಷ್ಠ 1 ಲಕ್ಷ ಡಾಲರ್ ಆರೋಗ್ಯ ವಿಮೆ ತೋರಿಸಬೇಕು. ಆಸ್ಟ್ರೇಲಿಯಾದಲ್ಲಿ ತಲೆಗೆ 40 ಸಾವಿರ ಡಾಲರ್‌ಗೂ ಹೆಚ್ಚು ಕಟ್ಟುವ ವೀಸಾ ಒಂದು. ಅಷ್ಟು ಕಟ್ಟಲಾಗದವರಿಗೆ ಇನ್ನೊಂದು, ಅದಕ್ಕೆ 30 ವರ್ಷ ಕಾಯಬೇಕು. 65ರ ಅಜ್ಜ ಅರ್ಜಿ ಹಾಕಿದರೆ 95ಕ್ಕೆ ವೀಸಾ! ದುಡಿಯುವ ಮಗ ಬೇಕು, ಅವನ ಅಪ್ಪನ ಮುಪ್ಪು ಬೇಡ. ಅವರದು ನೇರ ಲೆಕ್ಕ.

ನನ್ನ ಪರಿಚಯದವರೊಬ್ಬರು, ಬ್ಯಾಂಕಿನಲ್ಲಿದ್ದವರು, ಎಂಸಿಸಿ ಬಿ ಬ್ಲಾಕಿನ ಮನೆ ಮಾರಿ ನ್ಯೂಜೆರ್ಸಿಗೆ ಹೋದರು. ಇಲ್ಲಿ ಕುಂದವಾಡ ಕೆರೆ ಏರಿ ಮೇಲೆ ಒಂದು ಸುತ್ತು ಹಾಕಿದರೆ ಹತ್ತು ಜನ ‘ಏನ್ ಸಾರ್, ಆರಾಮಾ?’ ಅನ್ನುತ್ತಿದ್ದರು. ಅಲ್ಲಿ ಮಗ ಕಾರು ತೆಗೆದರೆ ಮಾತ್ರ ಹೊರಗೆ. ಈಗ ವಾಪಸ್ ಬಂದು, ತಮ್ಮ ಹಳೇ ಮನೆಯಿಂದ ಎರಡು ಬೀದಿ ಆಚೆ ಬಾಡಿಗೆಗಿದ್ದಾರೆ. ಆ ಮನೆಯ ಮುಂದೆ ಮಾತ್ರ ಹಾಯುವುದಿಲ್ಲ, ಸುತ್ತು ಬಳಸಿ ಹೋಗುತ್ತಾರೆ.

ಒಂದು ಮಾತು, ಸಿಟ್ಟಾಗಬೇಡಿ. ಮೂರು ಪುಟದ ಪತ್ರದಲ್ಲಿ ಸೈಟಿನ ರೇಟು ಇದೆ, ಪಿಂಚಣಿ ಇದೆ. ನಿಮ್ಮ ಮನೆಯವರು ಏನನ್ನುತ್ತಾರೆ ಅನ್ನುವುದು ಒಂದು ಸಾಲೂ ಇಲ್ಲ. ಅಲ್ಲಿಗೆ ಹೋದ ಮೇಲೂ ರೊಟ್ಟಿ ತಟ್ಟುವವರು ಅವರೇ ಅಲ್ವಾ?

ಮಗನನ್ನೂ ಬೈಯಬೇಡಿ. ಅವನನ್ನು ಕಳಿಸಿದ್ದು ಈ ಊರೇ. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದೆವು. ಹತ್ತಿ ಮಿಲ್ಲುಗಳು ಮುಚ್ಚಿದವು, ಕಾಲೇಜುಗಳು ಎದ್ದವು. ವರ್ಷವರ್ಷವೂ ಇಂಜಿನಿಯರುಗಳನ್ನು ತಯಾರು ಮಾಡಿ ಬೆಂಗಳೂರಿನ ರೈಲು ಹತ್ತಿಸಿದೆವು. 1997ರಲ್ಲಿ ಜಿಲ್ಲೆಯಾದೆವು, ಆಮೇಲೆ ಸ್ಮಾರ್ಟ್ ಸಿಟಿಯೂ ಆದೆವು. ವಯಸ್ಸಾದವರು ನಡೆಯೋಣವೆಂದರೆ ಫುಟ್‌ಪಾತಿನ ಮೇಲೆ ಬೈಕುಗಳು. ಹೆತ್ತವರನ್ನು ಸಾಕದ ಮಕ್ಕಳನ್ನು ಕೇಳುವುದಕ್ಕೆ 2007ರ ಕಾಯ್ದೆ ಇದೆ. ಸಾಕುತ್ತೇನೆ ಅನ್ನುವ ಮಗನಿಗೆ ಊರಲ್ಲೇ ಕೆಲಸ ಕೊಡಿ ಅನ್ನುವುದಕ್ಕೆ ಯಾವ ಕಾಯ್ದೆ ಇದೆ?

ಸದ್ಯಕ್ಕೆ ಗ್ರೀನ್ ಕಾರ್ಡಿನ ಅರ್ಜಿ ತಡೆಯಿರಿ. ಪ್ರವಾಸಿ ವೀಸಾದಲ್ಲಿ ಹೋಗಿಬನ್ನಿ, ಸಾಮಾನ್ಯವಾಗಿ 6 ತಿಂಗಳು ಇರಲು ಬಿಡುತ್ತಾರೆ. ಬೇಸಿಗೆಯಲ್ಲಿ ಎಲ್ಲಾ ಚೆಂದ. ಡಿಸೆಂಬರಿನಲ್ಲೇ ಹೋಗಿ, ಷಿಕಾಗೋದ ಚಳಿ ಇಬ್ಬರಿಗೂ ಗೊತ್ತಾಗಲಿ. ವಿಮೆ ಮಾಡಿಸದೆ ಮಾತ್ರ ವಿಮಾನ ಹತ್ತಬೇಡಿ.

– ಸಂ.