ಹಡಗು ಮುಳುಗುವ ಮೊದಲು ಏನಾಯಿತು?

ಪ್ರಿಯ ಲೇಖಕರೇ,

ನಿವೃತ್ತ ಹಡಗುಗಳನ್ನು ಕಡಲಲ್ಲಿ ಮುಳುಗಿಸಿ, ಮೀನು ಮತ್ತು ಹವಳ ನೆಲೆಸುವ ಕೃತಕ ಬಂಡೆಗಳಾಗಿಸುವ ಬಗ್ಗೆ ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ಈ ವಿಷಯವನ್ನು ನೀವು ಕೈಬಿಡಬಾರದು, ಅದಕ್ಕೇ ಇಷ್ಟುದ್ದದ ಪತ್ರ.

ಮೊದಲ ಮೂರು ಪ್ಯಾರಾಗಳಲ್ಲಿ ಹಡಗು ಮುದಿ ಯೋಧ, ಕಡಲು ತಾಯಿಯ ಮಡಿಲು, ಮುಳುಗುವುದು ಮೋಕ್ಷ. ಇಷ್ಟೆಲ್ಲದರ ನಡುವೆ ಹಡಗೇ ಕಣ್ಣಿಗೆ ಬೀಳಲಿಲ್ಲ. ಅದಕ್ಕೊಂದು ಹೆಸರಿಲ್ಲ, ಅದು ಮಾಡುತ್ತಿದ್ದ ಕೆಲಸ ಯಾವುದೆಂದು ತಿಳಿಯುವುದಿಲ್ಲ. ಆಮೇಲೆ ಈ ಸಾಲು ಬರುತ್ತದೆ: ‘ಶುಚಿಗೊಳಿಸಿದ ಹಡಗು ಮೆಲ್ಲಗೆ ತಳ ಸೇರಿ ಮೀನುಗಳಿಗೆ ಮನೆಯಾಗುತ್ತದೆ.’ ನೀವು ಬರೆಯಬೇಕಿದ್ದ ಲೇಖನವೆಲ್ಲ ಈ ಒಂದು ಸಾಲಿನೊಳಗೆ ಮಡಚಿಕೊಂಡು ಕೂತಿದೆ.

‘ಶುಚಿಗೊಳಿಸಿದ’ ಎಂಬ ಪದವನ್ನೇ ಬಿಡಿಸಿ ನೋಡಿ. ಕ್ಷಿಪಣಿಗಳ ಜಾಡು ಹಿಡಿಯುತ್ತಿದ್ದ ವ್ಯಾಂಡೆನ್‌ಬರ್ಗ್ ಹಡಗನ್ನು 2009ರ ಮೇ ತಿಂಗಳಲ್ಲಿ ಫ್ಲಾರಿಡಾದ ಕೀ ವೆಸ್ಟ್ ಬಳಿ ಮುಳುಗಿಸಿದರು. ನೀರೊಳಗೆ ಇಳಿಯಲು ಅದಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ. ಅದಕ್ಕೂ ಮೊದಲು ಅದರ ಒಡಲಿನಿಂದ ಹತ್ತು ಟನ್‌ಗೂ ಹೆಚ್ಚು ಕಲ್ನಾರನ್ನೂ (ಆಸ್ಬೆಸ್ಟಾಸ್) ಸುಮಾರು 240 ಕಿ.ಮೀ. ಉದ್ದದ ವಿದ್ಯುತ್ ತಂತಿಯನ್ನೂ ಕಿತ್ತು ತೆಗೆಯಬೇಕಾಯಿತು. ತಂತಿ ಇದ್ದರೇನು ಎಂದು ಓದುಗರು ಕೇಳುತ್ತಾರೆ. ಹಳೆಯ ಹಡಗುಗಳ ತಂತಿಯ ಹೊದಿಕೆಯಲ್ಲಿ ಪಿಸಿಬಿ ಎಂಬ ವಿಷ ಇರುತ್ತದೆ. ಅದು ಸುಲಭವಾಗಿ ನಾಶವಾಗುವುದಿಲ್ಲ. ಮೀನಿನ ಕೊಬ್ಬಿನಲ್ಲಿ ಸೇರಿಕೊಂಡು, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ, ಅಲ್ಲಿಂದ ನಮ್ಮ ತಟ್ಟೆಗೆ ದಾಟುತ್ತದೆ. 2006ರಲ್ಲಿ ಅದೇ ಫ್ಲಾರಿಡಾದ ಪೆನ್ಸಕೋಲಾ ಬಳಿ ಮುಳುಗಿಸಿದ ಒರಿಸ್ಕನಿ ಎಂಬ ವಿಮಾನವಾಹಕ ನೌಕೆಯಲ್ಲಿ 300 ಕೆ.ಜಿ.ಗೂ ಹೆಚ್ಚು ಪಿಸಿಬಿ ಉಳಿದೇ ಇತ್ತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅಪಾಯದ ಅಂದಾಜು ಮಾಡಿಸಿಯೇ ಒಪ್ಪಿಗೆ ಕೊಟ್ಟಿತು. ಎಷ್ಟು ವಿಷ ಉಳಿದರೆ ಸಹಿಸಬಹುದು, ಅದನ್ನು ಯಾರು ನಿರ್ಧರಿಸಬೇಕು? ನನ್ನ ಮಟ್ಟಿಗೆ ನಿಮ್ಮ ವಿಷಯದ ಜೀವ ಇರುವುದು ಇಲ್ಲಿ, ನೀವು ಇದರ ಹತ್ತಿರವೂ ಸುಳಿದಿಲ್ಲ.

‘ಮೆಲ್ಲಗೆ’ ಎಂಬುದೂ ಊಹೆಯ ಮಾತು. ಸ್ಪೀಗೆಲ್ ಗ್ರೋವ್ ಹಡಗು 2002ರಲ್ಲಿ ಕೀ ಲಾರ್ಗೋ ಬಳಿ, ಗೊತ್ತುಮಾಡಿದ ಹೊತ್ತಿಗೂ ಮೊದಲೇ ಮಗುಚಿಕೊಂಡು, ಮೂತಿಯನ್ನು ನೀರಿನ ಮೇಲೆ ಚಾಚಿ ನಿಂತುಬಿಟ್ಟಿತು. ಕೊನೆಗೆ ಅದನ್ನು ಪಕ್ಕಕ್ಕೆ ಮಲಗಿಸಿದರು. 2005ರಲ್ಲಿ ಡೆನಿಸ್ ಚಂಡಮಾರುತ ಬಂದು ಅದನ್ನು ನೆಟ್ಟಗೆ ನಿಲ್ಲಿಸಿತು! ಇಂಥ ಘಟನೆ ಕೈಯಲ್ಲಿರುವಾಗ ಮುದಿ ಯೋಧನ ಹಂಗು ಯಾಕೆ?

ಇನ್ನು ‘ಮನೆ’. ಮೀನು ‘ಹತ್ತು ಪಟ್ಟು ಹೆಚ್ಚುತ್ತದೆ’ ಎಂದಿದ್ದೀರಿ, ಆಧಾರ ಕೊಟ್ಟಿಲ್ಲ. ಅದನ್ನು ಹೊಡೆದುಹಾಕಿದ್ದೇನೆ. ಹೊಸ ಬಂಡೆಯಿಂದ ಮೀನಿನ ಸಂತತಿಯೇ ಬೆಳೆಯುತ್ತದೆಯೋ, ಅಥವಾ ಅಲ್ಲಿ ಇಲ್ಲಿ ಇದ್ದ ಮೀನು ಒಂದೆಡೆ ಬಂದು ಗುಂಪುಗೂಡುತ್ತದೆಯೋ ಎಂಬುದು ಕಡಲ ವಿಜ್ಞಾನಿಗಳ ನಡುವಿನ ಹಳೆಯ ವಾದ. ಬರೀ ಗುಂಪುಗೂಡುವುದಾದರೆ ಗಾಳ ಹಾಕುವವರಿಗೆ ಕೆಲಸ ಸಲೀಸಾಗುತ್ತದೆ, ಮೀನಿಗೆ ಕೇಡಾಗುತ್ತದೆ. ಫೋರ್ಟ್ ಲಾಡರ್‌ಡೇಲ್ ಬಳಿ 1970ರ ದಶಕದಲ್ಲಿ ಇದೇ ಸದುದ್ದೇಶದಿಂದ ಸುಮಾರು 20 ಲಕ್ಷ ಹಳೆಯ ಟೈರುಗಳನ್ನು ಕಡಲಿಗೆ ಇಳಿಸಿದರು. ಕಟ್ಟು ಬಿಚ್ಚಿಕೊಂಡ ಟೈರುಗಳು ಪಕ್ಕದ ನಿಜವಾದ ಹವಳಕ್ಕೆ ಬಡಿದು ಹಾಳುಮಾಡಿದವು. ಈ ಮಾತೂ ಲೇಖನದಲ್ಲಿ ಬರಲಿ. ಹಾಗೆಯೇ ‘ಕೃತಕ ಹವಳ’ ಎಂದು ಬರೆದಿರುವಲ್ಲೆಲ್ಲ ‘ಕೃತಕ ಬಂಡೆ’ ಎಂದು ತಿದ್ದಿ. ಬಂಡೆಯನ್ನು ನಾವು ಮಾಡಬಹುದು, ಅದರ ಮೇಲೆ ಹವಳ ತಾನಾಗಿಯೇ ಬಂದು ಕೂರಬೇಕು.

ಐದನೆಯ ಪುಟದಲ್ಲಿ ಮಾತ್ರ ನಾನು ಪೆನ್ಸಿಲ್ ಕೆಳಗಿಟ್ಟೆ. ಮೆಟ್ಟಿಲಿನ ಕಬ್ಬಿಣದ ಹಿಡಿಯ ಮೇಲೆ ಮೊದಲು ಲೋಳೆ, ಲೋಳೆಯ ಮೇಲೆ ಪಾಚಿ, ಆಮೇಲೆ ಮುಟ್ಟಿದರೆ ಕೈ ಕೊಯ್ಯುವ ಬಾರ್ನಕಲ್ ಚಿಪ್ಪು. ‘ನಾವಿಕರ ಅಂಗೈ ಸವೆಸಿದ ಜಾಗದಲ್ಲೇ’ ಎಂದು ಬರೆದಿದ್ದೀರಿ. ಅಲ್ಲಿ ಉಪಮೆ ಇಲ್ಲ, ನೋಟ ಇದೆ. ಅದರ ಒಂದಕ್ಷರವನ್ನೂ ಮುಟ್ಟಬೇಡಿ.

ಹೊಸ ಪ್ರತಿಯನ್ನು ತಂತಿ ಕೀಳುವ ಕೆಲಸಗಾರರಿಂದ ಆರಂಭಿಸಿ. ಹಡಗು ಮುಳುಗುವುದು ಅರ್ಧ ದಾಟಿದ ಮೇಲೆ ಬರಲಿ. ಕೈಸೇರಿದ ದಿನವೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ