ರಾತ್ರಿ ಹೊತ್ತು ಜನ ಅಪರಿಚಿತರ ಮುಂದೆ ಗುಟ್ಟು ಬಿಚ್ಚಿಡುವುದು ಯಾಕೆ?

ಹೆಸರು ಹೇಳಬೇಕಿಲ್ಲ, ನಾಳೆ ಮುಖ ನೋಡಬೇಕಿಲ್ಲ, ಅದಕ್ಕೇ. 1980ರಲ್ಲಿ ಕಲಾವಿದ ಆಲನ್ ಬ್ರಿಡ್ಜ್ ನ್ಯೂಯಾರ್ಕಿನ ಬೀದಿಗಳಲ್ಲಿ ಪೋಸ್ಟರ್ ಅಂಟಿಸಿದರು: ತಪ್ಪು ಮಾಡಿದ್ದರೆ ಈ ನಂಬರಿಗೆ ಫೋನ್ ಮಾಡಿ, ಹೆಸರು ಬೇಡ, ಪತ್ತೆಯಾಗದಂತೆ ಬೀದಿಬದಿಯ ಕಾಯಿನ್ ಫೋನ್ ಬಳಸಿ. ಆ ಕಡೆ ಇದ್ದದ್ದು ಒಂದು ಟೇಪ್ ರೆಕಾರ್ಡರ್ ಅಷ್ಟೇ. ನಡುರಾತ್ರಿ ನಿದ್ದೆ ಬಾರದವರಿಗೆ ಇನ್ನೇನು ಬೇಕು? ಅಂಗಡಿಯಲ್ಲಿ ಕದ್ದವರು, ಸಂಗಾತಿಗೆ ಮೋಸ ಮಾಡಿದವರು ಮಾತಾಡಿದರು. ಕೊಲೆ ಮಾಡಿದ್ದೇನೆ ಅಂದವರೂ ಇದ್ದರು, ನಿಜವೋ ಸುಳ್ಳೋ. ಮುಂದೆ ಬೇರೆಯವರ ರೆಕಾರ್ಡಿಂಗ್ ಕೇಳುವ ಅವಕಾಶವೂ ಬಂತು. ನನ್ನ ಪ್ರಕಾರ ಜಾಸ್ತಿ ಸಮಾಧಾನ ಸಿಕ್ಕಿದ್ದು ಅಲ್ಲೇ: ಇಂಥ ಭಾರ ಹೊತ್ತವರು ಇನ್ನೂ ಇದ್ದಾರೆ ಅಂತ ಗೊತ್ತಾಗುತ್ತದೆ, ಅಲ್ವಾ? 1995ರಲ್ಲಿ ಬ್ರಿಡ್ಜ್ ತೀರಿಕೊಂಡರು. ನಿಮಗೇ ಮನಸ್ಸು ಭಾರವಾಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲೂ ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.